ಪರೀಕ್ಷೆಯಲ್ಲಿ ಪಾಸ್, ವಾರ್ಡ್‌ನಲ್ಲಿ ಫೇಲ್!

ಬಿ.ಎಸ್ಸಿ ನರ್ಸಿಂಗ್ ಮೊದಲ ವರ್ಷದಲ್ಲಿ ಕಂಠಪಾಠಕ್ಕೆ ನಾನು ಎತ್ತಿದ ಕೈ. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕಾಣುವ ಲಕ್ಷಣಗಳೇನು ಎಂದರೆ ಬೆವರು, ನಡುಕ, ಎದೆಬಡಿತ, ಗೊಂದಲ ಎಂದು ಪುಟ ತುಂಬಿಸುತ್ತಿದ್ದೆ. ಅಂಕಗಳೂ ಚೆನ್ನಾಗಿಯೇ ಬರುತ್ತಿದ್ದವು.

ಒಂದು ದಿನ ವಾರ್ಡ್‌ನಲ್ಲಿ ಅಜ್ಜಿಯೊಬ್ಬರು, ‘ಯಾಕೋ ಮೈಯೆಲ್ಲಾ ಬೆವರ್ತಿದೆ, ಕೈ ನಡುಗ್ತಿದೆ ಕಣವ್ವ’ ಎಂದರು. ನಾನು ಹೋಗಿ ಫ್ಯಾನ್ ಹಾಕಿದೆ! ಓಡಿಬಂದ ಸಿಸ್ಟರ್ ಗ್ಲುಕೋಮೀಟರ್‌ನಲ್ಲಿ ನೋಡಿದರೆ 52. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡಿದ್ದ ಅಜ್ಜಿ ತಿಂಡಿಯನ್ನೇ ತಿಂದಿರಲಿಲ್ಲ. ಸಕ್ಕರೆ ನೀರು ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿದರು. ಅಜ್ಜಿ ಸುಧಾರಿಸಿಕೊಂಡರು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ. ಉತ್ತರ ಗೊತ್ತಿದ್ದೂ ಹೊಳೆಯಲಿಲ್ಲವಲ್ಲ!

ಎರಡನೇ ವರ್ಷದಲ್ಲಿ ಹೊಸ ಮೇಡಂ ಬಂದರು. ಪಾಠ ಮಾಡುವ ಬದಲು ಎಂಟು ಜನರ ಗುಂಪು ಮಾಡಿ, ಒಂದು ಚೀಟಿ ಕೊಟ್ಟರು. ‘ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ. ರೋಗಿ ಚಡಪಡಿಸುತ್ತಿದ್ದಾರೆ. ನಾಡಿಬಡಿತ 124, ಬಿ.ಪಿ. 90/60. ಡ್ರೆಸ್ಸಿಂಗ್ ಒಣಗಿದೆ. ಮೊದಲು ಏನು ಮಾಡುತ್ತೀರಿ?’

‘ನೋವಿನ ಇಂಜೆಕ್ಷನ್’ ಎಂದೆವು. ಮೇಡಂ ಸರಿ, ತಪ್ಪು ಎನ್ನಲಿಲ್ಲ. ‘ಏನು ಗೊತ್ತಿದೆ? ಏನು ಗೊತ್ತಿಲ್ಲ? ಹುಡುಕಿಕೊಂಡು ಬನ್ನಿ’ ಎಂದರಷ್ಟೆ. ಲೈಬ್ರರಿಯಲ್ಲಿ ಎರಡು ದಿನ ತಡಕಾಡಿದ ಮೇಲೆ ಗೊತ್ತಾಯಿತು: ಡ್ರೆಸ್ಸಿಂಗ್ ಒಣಗಿದ್ದರೂ ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿರಬಹುದು. ಚಡಪಡಿಕೆಗೆ ಕಾರಣ ನೋವೇ ಆಗಿರಬೇಕಿಲ್ಲ, ಮಿದುಳಿಗೆ ರಕ್ತ, ಆಮ್ಲಜನಕ ಸಾಲದೆಯೂ ಹಾಗಾಗುತ್ತದೆ. ತಕ್ಷಣ ಡಾಕ್ಟರಿಗೆ ತಿಳಿಸಬೇಕು.

ಇದೇ ‘ಪ್ರಾಬ್ಲಂ ಬೇಸ್ಡ್ ಲರ್ನಿಂಗ್’, ಅಂದರೆ ಸಮಸ್ಯೆ ಆಧಾರಿತ ಕಲಿಕೆ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ತನ್ನ ಮೊದಲ ತಂಡಕ್ಕೆ ಹೀಗೆ ಕಲಿಸಲು ಶುರು ಮಾಡಿತಂತೆ. ನಂತರ ನರ್ಸಿಂಗ್‌ಗೂ ಬಂತು.

ಕಷ್ಟಗಳೂ ಇದ್ದವು. ಕನ್ನಡ ಮಾಧ್ಯಮದಿಂದ ಬಂದ ನಾವು ಮೊದಲೆರಡು ವಾರ ಬಾಯಿಯೇ ಬಿಡಲಿಲ್ಲ. ‘ಕನ್ನಡದಲ್ಲೇ ಚರ್ಚಿಸಿ’ ಎಂದ ಮೇಲೆ ಮಾತು ಹರಿಯಿತು. ಸಿಲಬಸ್ ಮುಗಿಯುವುದಿಲ್ಲ ಎಂಬ ಭಯವೂ ಇತ್ತು. ಚರ್ಚೆಯಿಂದಲೇ ಎಲ್ಲವೂ ಬಾರದು. ಇಂಜೆಕ್ಷನ್ ಕೊಡುವುದನ್ನು ಕೈಯಿಂದ ಮಾಡಿಯೇ ಕಲಿಯಬೇಕು.

ಮೂರನೇ ವರ್ಷ ರಾತ್ರಿ ಪಾಳಿಯಲ್ಲಿದ್ದಾಗ ಹರ್ನಿಯಾ ಆಪರೇಷನ್ ಆದವರೊಬ್ಬರು ಹೊರಳಾಡುತ್ತಿದ್ದರು. ‘ನೋವಿನ ಇಂಜೆಕ್ಷನ್ ಕೊಡಿ’ ಎಂದು ಮಗ ಒತ್ತಾಯಿಸಿದ. ನನಗೆ ಆ ಚೀಟಿ ನೆನಪಾಯಿತು. ನಾಡಿ, ಬಿ.ಪಿ. ನೋಡಿದೆ, ಎರಡೂ ಸರಿಯಿದ್ದವು. ಹಾಗಾದರೆ ಇನ್ನೇನು? ಮೂತ್ರ ಹೋಗಿದೆಯಾ ಎಂದು ಕೇಳಿದೆ. ಮಧ್ಯಾಹ್ನದಿಂದ ಹೋಗಿರಲಿಲ್ಲ, ಕಿಬ್ಬೊಟ್ಟೆ ಉಬ್ಬಿತ್ತು. ಸಿಸ್ಟರ್‌ಗೆ ಹೇಳಿದೆ. ಡಾಕ್ಟರ್ ಸೂಚನೆಯಂತೆ ಕ್ಯಾಥೆಟರ್ ಹಾಕಿದ ಸ್ವಲ್ಪ ಹೊತ್ತಿಗೇ ಅವರು ನಿದ್ದೆ ಹೋದರು.

ಚೀಟಿಯಲ್ಲಿದ್ದ ಉತ್ತರ ಇಲ್ಲಿ ನನ್ನ ಉಪಯೋಗಕ್ಕೆ ಬರಲಿಲ್ಲ. ಅದು ಕಲಿಸಿದ ಪ್ರಶ್ನೆ ಬಂತು. ಗೆಳೆಯರೇ, ನಿಮ್ಮ ಓದು ಯಾವುದೇ ಇರಲಿ, ಪುಸ್ತಕ ಮುಚ್ಚುವ ಮುನ್ನ ‘ಇದು ನನ್ನೆದುರಿಗೇ ನಡೆದರೆ ಮೊದಲು ಏನು ಮಾಡುತ್ತೇನೆ?’ ಎಂದು ಒಮ್ಮೆ ಕೇಳಿಕೊಳ್ಳಿ. ನಾನು ಮೊದಲೇ ಕೇಳಿಕೊಂಡಿದ್ದರೆ ಆ ಅಜ್ಜಿಗೆ ಫ್ಯಾನ್ ಹಾಕುತ್ತಿರಲಿಲ್ಲ.