ಭೂಕಂಪದ ನಂತರ: ನೆರವಿನ ಹಣ ಮನೆಯಾಗುವ ಬಗೆ

ಎಲ್ಲಿಯಾದರೂ ಭೂಕಂಪವಾಯಿತೆಂಬ ಸುದ್ದಿ ಬಂದ ಕೂಡಲೇ ನಮ್ಮ ಊರುಗಳಲ್ಲಿ ಡಬ್ಬಿ ಹಿಡಿದ ವಿದ್ಯಾರ್ಥಿಗಳು ಬೀದಿಗಿಳಿಯುತ್ತಾರೆ. ಚಾಮರಾಜನಗರದ ಪೇಟೆಯಲ್ಲಿ ಅಥವಾ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ನೀವೂ ಅಂಥ ಡಬ್ಬಿಗೆ ಹತ್ತು ರೂಪಾಯಿ ಹಾಕಿರಬಹುದು. ಆ ಹಣ ಮುಂದೆ ಏನಾಗುತ್ತದೆ? ಕುಸಿದುಹೋದ ಒಂದು ಚಿಕ್ಕ ಊರು ಮತ್ತೆ ಎದ್ದು ನಿಲ್ಲಲು ಅದು ಹೇಗೆ ನೆರವಾಗುತ್ತದೆ? ಇದು ಕೇವಲ ದಯೆಯ ವಿಚಾರವೆಂದು ತೋರಬಹುದು. ಆದರೆ ಉತ್ತರದ ಅರ್ಧ ಭಾಗ ಭೌತವಿಜ್ಞಾನದಲ್ಲಿದೆ. ನೆರವು ಎಷ್ಟು ಬಂತು ಎಂಬುದರಷ್ಟೇ ಮುಖ್ಯವಾದದ್ದು, ಅದು ಯಾವಾಗ ಬಂತು ಮತ್ತು ಗೋಡೆಯ ಯಾವ ಭಾಗಕ್ಕೆ ಸೇರಿತು ಎಂಬುದು.

ಕಿಲ್ಲಾರಿಯಲ್ಲಿ ನಡೆದದ್ದು

ನಮಗೆ ಹತ್ತಿರದ ನಿದರ್ಶನವೊಂದನ್ನು ನೋಡೋಣ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳು ನಡುಗಿದವು. ಇವು ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ನೆರೆಯವು. ಕಂಪನದ ಅನುಭವ ಬೆಂಗಳೂರಿನವರೆಗೂ ಆಯಿತು. ಪರಿಮಾಣ ಸುಮಾರು 6.2. ಜಗತ್ತಿನ ಲೆಕ್ಕದಲ್ಲಿ ಇದು ಮಹಾ ಭೂಕಂಪವಲ್ಲ. ಇಷ್ಟು ಪರಿಮಾಣದವು ಪ್ರತಿ ವರ್ಷ ಹಲವಾರು ಸಂಭವಿಸುತ್ತವೆ. ಆದರೂ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎಂಟು ಸಾವಿರದಷ್ಟು ಜನ, ಕೆಲವು ಎಣಿಕೆಗಳ ಪ್ರಕಾರ ಇನ್ನೂ ಹೆಚ್ಚು ಜನ, ಸತ್ತರು.

ಕಾರಣ ಮನೆಗಳಲ್ಲಿತ್ತು. ಅಲ್ಲಿನ ಗೋಡೆಗಳು ಕಾಡುಗಲ್ಲನ್ನು ಮಣ್ಣಿನ ಗಾರೆಯಲ್ಲಿ ಜೋಡಿಸಿದ ದಪ್ಪ ಗೋಡೆಗಳು. ಮೇಲೆ ಮರದ ತೊಲೆ, ತೊಲೆಯ ಮೇಲೆ ಅರ್ಧ ಮೀಟರಿಗೂ ಮಿಕ್ಕಿದ ಮಣ್ಣಿನ ಮಾಳಿಗೆ. ಬಿಸಿಲು ತಡೆಯಲು ಇದು ಒಳ್ಳೆಯ ಏರ್ಪಾಡು. ನೆಲ ಅಡ್ಡಡ್ಡ ಅಲುಗಿದಾಗ ಮಾತ್ರ ಇದೇ ಮಾಳಿಗೆ ಮೃತ್ಯುವಾಗುತ್ತದೆ.

ಸರಳ ಲೆಕ್ಕವೊಂದನ್ನು ಮಾಡಿ. ಒಳ ಅಳತೆ 3 ಮೀಟರ್ ಉದ್ದ, 3 ಮೀಟರ್ ಅಗಲದ ಕೋಣೆ. ಮೇಲೆ ಅರ್ಧ ಮೀಟರ್ ಮಣ್ಣು. ಮಣ್ಣಿನ ಸಾಂದ್ರತೆ ಘನ ಮೀಟರಿಗೆ 1,600 ಕಿಲೋಗ್ರಾಂ ಎಂದಿಟ್ಟುಕೊಂಡರೆ ಮಾಳಿಗೆಯ ದ್ರವ್ಯರಾಶಿ 9 × 0.5 × 1,600 = 7,200 ಕಿಲೋಗ್ರಾಂ. ಅಂದರೆ ಮಲಗಿದವರ ತಲೆಯ ಮೇಲೆ ಏಳು ಟನ್! ನೆಲದ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ ಐದನೆಯ ಒಂದು ಭಾಗವೆನ್ನಿ. ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂಬ ನ್ಯೂಟನ್ನನ ನಿಯಮದಂತೆ ಗೋಡೆಗಳ ಮೇಲ್ತುದಿಯನ್ನು ಸುಮಾರು 14,000 ನ್ಯೂಟನ್ ಬಲ ಅಡ್ಡಕ್ಕೆ ದೂಡುತ್ತದೆ. ಅದೇ ಕೋಣೆಗೆ ಮಂಗಳೂರು ಹೆಂಚು ಹೊದಿಸಿದ್ದರೆ, ಮರಮುಟ್ಟು ಸೇರಿ ಚದರ ಮೀಟರಿಗೆ 65 ಕಿಲೋಗ್ರಾಂನಂತೆ ಒಟ್ಟು 600 ಕಿಲೋಗ್ರಾಂನಷ್ಟಾಗುತ್ತದೆ. ಆಗ ಬಲ ಕೇವಲ 1,200 ನ್ಯೂಟನ್, ಅಂದರೆ ಹನ್ನೆರಡನೆಯ ಒಂದು ಪಾಲು.

ಒಂದು ಪಟ್ಟಿಯ ಬೆಲೆ

ಕಲ್ಲು–ಮಣ್ಣಿನ ಗೋಡೆ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಅಲುಗಾಟದಲ್ಲಿ ನಾಲ್ಕು ಗೋಡೆಗಳೂ ಬೇರೆ ಬೇರೆಯಾಗಿ ತೂಗಾಡಿ ಮೊದಲು ಮೂಲೆಗಳಲ್ಲಿ ಬಿರುಕು ಬಿಡುತ್ತವೆ. ನಂತರ ಗೋಡೆ ಹೊರಕ್ಕೆ ಬೀಳುತ್ತದೆ, ಮಾಳಿಗೆ ಒಳಕ್ಕೆ ಬೀಳುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಬಿಗಿಯುವುದನ್ನು ನೀವು ನೋಡಿರಬಹುದು. ಬಿಡಿ ಮರದ ತುಂಡುಗಳನ್ನು ಅದು ಒಂದಾಗಿ ಹಿಡಿಯುತ್ತದೆ. ಮನೆಗೂ ಅಂಥದೇ ಪಟ್ಟಿ ಬೇಕು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವರಿಯುವ ಕಬ್ಬಿಣ–ಕಾಂಕ್ರೀಟಿನ ಈ ಪಟ್ಟಿ ಮನೆಯನ್ನು ಪೆಟ್ಟಿಗೆಯಂತೆ ಒಂದುಗೂಡಿಸುತ್ತದೆ. ಕಿಲ್ಲಾರಿಯ ವರ್ಷದಲ್ಲೇ, 1993ರಲ್ಲಿ, ಭಾರತೀಯ ಮಾನಕ ಸಂಸ್ಥೆ ಹೊರತಂದ 13828ನೆಯ ಮಾನಕ ಇಂಥ ದುರ್ಬಲ ಕಟ್ಟಡಗಳನ್ನು ಬಲಪಡಿಸುವ ವಿಧಾನಗಳನ್ನು ವಿವರಿಸುತ್ತದೆ. ಗೋಡೆಯ ಎರಡೂ ಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳನ್ನು ಪ್ರತಿ 60 ಸೆಂಟಿಮೀಟರ್ ಎತ್ತರಕ್ಕೊಮ್ಮೆ ಇಡಬೇಕೆಂದೂ ಅದು ಹೇಳುತ್ತದೆ.

ಪಟ್ಟಿಗೆ ಬೇಕಾದ ಸಾಮಗ್ರಿ ಎಷ್ಟು? ನಮ್ಮ ಕೋಣೆಯ ಗೋಡೆ 45 ಸೆಂಟಿಮೀಟರ್ ದಪ್ಪವಿದ್ದರೆ ಪಟ್ಟಿಯ ಉದ್ದ ಸುಮಾರು 14 ಮೀಟರ್. 10 ಮಿಲಿಮೀಟರ್ ವ್ಯಾಸದ ಎರಡು ಸರಳುಗಳಿಗೆ 17 ಕಿಲೋಗ್ರಾಂ ಉಕ್ಕು, ಅವನ್ನು ಕಟ್ಟುವ ಅಡ್ಡ ಕಂಬಿಗಳಿಗೆ ಇನ್ನೊಂದು 8 ಕಿಲೋಗ್ರಾಂ. 7.5 ಸೆಂಟಿಮೀಟರ್ ದಪ್ಪದ ಕಾಂಕ್ರೀಟಿಗೆ ಮೂರು–ನಾಲ್ಕು ಚೀಲ ಸಿಮೆಂಟು. ಇಷ್ಟೇ! ಇಡೀ ಮನೆಯ ಖರ್ಚಿನಲ್ಲಿ ಇದು ಚಿಕ್ಕ ಪಾಲು. ಆದರೆ ಎಲ್ಲವನ್ನೂ ಕಳೆದುಕೊಂಡು ಬೇಗನೆ ಸೂರು ಕಟ್ಟಿಕೊಳ್ಳಬೇಕೆಂದಿರುವ ಕುಟುಂಬ ಮೊದಲು ಕೈಬಿಡುವುದು ಕಣ್ಣಿಗೆ ಕಾಣದ ಈ ಪಾಲನ್ನೇ. ಹೊರಗಿನ ನೆರವಿನ ನಿಜವಾದ ಉಪಯೋಗ ಇಲ್ಲಿದೆ. ಅದು ಹಳೆಯ ಮನೆಯನ್ನು ಹಿಂದಿರುಗಿಸಿದರೆ ಸಾಲದು, ಮುಂದಿನ ಕಂಪನದಲ್ಲಿ ಬೀಳದ ಮನೆಯನ್ನು ಕೊಡಬೇಕು.

ಎರಡು ವಕ್ರರೇಖೆಗಳು

ಈಗ ಕಾಲದ ವಿಚಾರ. ಹಾಳೆಯ ಮೇಲೆ ಅಡ್ಡ ಅಕ್ಷದಲ್ಲಿ ದಿನಗಳನ್ನು ಗುರುತಿಸಿ ಎರಡು ವಕ್ರರೇಖೆಗಳನ್ನು ಎಳೆಯಿರಿ. ಮೊದಲನೆಯದು ಬರುವ ನೆರವು. ಸುದ್ದಿ ಬಿಸಿಯಾಗಿರುವ ಮೊದಲ ವಾರ ಅದು ತುದಿಗೇರಿ, ಬಳಿಕ ವಿಕಿರಣಶೀಲ ವಸ್ತುವಿನ ಕ್ಷಯದಂತೆ ಇಳಿಯುತ್ತದೆ. ಎರಡನೆಯದು ಊರಿನ ಅಗತ್ಯ. ಮೊದಲ ದಿನಗಳಲ್ಲಿ ಚಿಕಿತ್ಸೆ, ನೀರು, ಅನ್ನ, ಹೊದಿಕೆ. ಬಳಿಕ ತಾತ್ಕಾಲಿಕ ಸೂರು, ಬಿತ್ತನೆ, ಎತ್ತು, ಶಾಲೆ. ದೊಡ್ಡ ವೆಚ್ಚದ ಮನೆ ಕಟ್ಟುವ ಕೆಲಸ ತಿಂಗಳುಗಳ ನಂತರ ಆರಂಭವಾಗಿ ಒಂದೆರಡು ವರ್ಷ ನಡೆಯುತ್ತದೆ. ಎರಡು ರೇಖೆಗಳ ತುದಿಗಳು ಒಂದೇ ಕಡೆ ಇಲ್ಲ. ಆದ್ದರಿಂದಲೇ ಹಳೆಯ ಬಟ್ಟೆಗಳ ರಾಶಿಗಿಂತ ನಗದು ಹಣ ಮೇಲು. ಹಣವನ್ನು ಕೂಡಿಡಬಹುದು, ಬೇಕಾದ ಹೊತ್ತಿನಲ್ಲಿ ಬೇಕಾದ ವಸ್ತುವಾಗಿ ಮಾರ್ಪಡಿಸಬಹುದು, ಸಮೀಪದ ಪೇಟೆಯಲ್ಲೇ ಕೊಂಡರೆ ಅಲ್ಲಿನ ವ್ಯಾಪಾರವೂ ಚೇತರಿಸುತ್ತದೆ. 1948ರಲ್ಲಿ ಸ್ಥಾಪನೆಯಾದ ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ ಇಂಥ ಒಂದು ಸಂಚಯ. ಅದು ಸಾರ್ವಜನಿಕರ ವಂತಿಗೆಯಿಂದಲೇ ನಡೆಯುತ್ತದೆ, ಸರ್ಕಾರದ ಆಯವ್ಯಯದ ಹಣ ಅದಕ್ಕೆ ಸೇರುವುದಿಲ್ಲ.

ಹಣ ಯಾರ ಕೈಗೆ?

ಕಿಲ್ಲಾರಿ ಪ್ರದೇಶದಲ್ಲಿ ವಿಶ್ವ ಬ್ಯಾಂಕಿನ ಸಾಲ ಮತ್ತು ದಾನಿಗಳ ನೆರವು ಸೇರಿ 52 ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಹಲವು ಸಂಸ್ಥೆಗಳು ಒಂದೊಂದು ಹಳ್ಳಿಯನ್ನು ದತ್ತು ಪಡೆದವು. ಕೇರಳದ ‘ಮಲಯಾಳ ಮನೋರಮಾ’ ಪತ್ರಿಕೆ ತನ್ನ ಓದುಗರಿಂದ ಹಣ ಕೂಡಿಸಿ ಬಾಣೇಗಾಂವ್ ಎಂಬ ಹಳ್ಳಿಯನ್ನು ಕಟ್ಟಿಸಿಕೊಟ್ಟಿತು. ಮನೆಗಳು ಗಟ್ಟಿಯಾದವು. ಆದರೆ ಹೊಸ ಊರುಗಳ ಬಗ್ಗೆ ದೂರುಗಳೂ ಬಂದವು: ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ನೇರ ಸಾಲುಗಳಲ್ಲಿ ಹಳೆಯ ನೆರೆಹೊರೆ ಚದುರಿತು.

ಊರು ಬಿಡದೆ ಮನೆ ದುರಸ್ತಿ ಮಾಡಿಕೊಂಡ ನೂರಾರು ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿಯಲಾಯಿತು. ಅಲ್ಲಿ ನೆರವು ಮನೆಯವರ ಕೈಗೇ ಬಂತು. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಜೊತೆಗಿದ್ದ ಹಳ್ಳಿಯ ಮಹಿಳೆಯರು ಜನರಿಗೂ ಇಂಜಿನಿಯರುಗಳಿಗೂ ನಡುವೆ ‘ಸಂವಾದ ಸಹಾಯಕ’ರಾಗಿ ನಿಂತರು. 2001ರ ಜನವರಿ 26ರ ಕಚ್ಛ್ ಭೂಕಂಪದ ನಂತರ ಗುಜರಾತ್ ಈ ದಾರಿಯನ್ನೇ ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ಹಣ ಮನೆಯೊಡೆಯನ ಬ್ಯಾಂಕ್ ಖಾತೆಗೆ ಕಂತುಗಳಲ್ಲಿ ಹೋಯಿತು. ಇಂಜಿನಿಯರ್ ಬಂದು ಆಯಾ ಹಂತದ ಕೆಲಸವನ್ನು ಒಪ್ಪಿದ ಮೇಲಷ್ಟೇ ಮುಂದಿನ ಕಂತು. 2015ರ ಭೂಕಂಪದ ನಂತರ ನೇಪಾಳವೂ ಮೂರು ಕಂತುಗಳಲ್ಲಿ ಮೂರು ಲಕ್ಷ ನೇಪಾಳಿ ರೂಪಾಯಿ ಕೊಟ್ಟಿತು. ಈ ವ್ಯವಸ್ಥೆಯ ಜಾಣತನವನ್ನು ಗಮನಿಸಿ. ಮನೆಯ ನಕ್ಷೆ, ಜಾಗ, ಕೊಟ್ಟಿಗೆ ಮನೆಯವರ ಇಷ್ಟ. ಪಟ್ಟಿ, ಅಡ್ಡಗಲ್ಲು ಮಾತ್ರ ಕಡ್ಡಾಯ. ಕಂತಿನ ಹಣವೇ ಅದಕ್ಕೆ ಕಾವಲು.

ಲಾತೂರು ಸೀಮೆಯ ಮಹಿಳೆಯರು 2001ರಲ್ಲಿ ಕಚ್ಛ್‌ಗೆ ಹೋಗಿ ಅಲ್ಲಿನ ಮಹಿಳೆಯರಿಗೆ ತಮ್ಮ ಅನುಭವ ತಿಳಿಸಿದರು. ನೆರವು ಪಡೆದವರು ಎಂಟು ವರ್ಷಗಳಲ್ಲಿ ನೆರವು ಕೊಡುವವರಾಗಿದ್ದರು.

ನಮ್ಮ ನೆಲ ಎಷ್ಟು ಭದ್ರ?

ನಮ್ಮ ಜಿಲ್ಲೆಯವರು ಕೊಡುವವರೇ ಹೊರತು ಪಡೆಯುವವರಲ್ಲ ಎಂದು ನೀವು ತಿಳಿದಿರಬಹುದು. 2024ರ ಜುಲೈ 30ರಂದು ವಯನಾಡಿನ ಭೂಕುಸಿತದಲ್ಲಿ ಚಾಮರಾಜನಗರ ಜಿಲ್ಲೆಯವರೂ ಜೀವ ಕಳೆದುಕೊಂಡರು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿದರೆ ಆ ಜಿಲ್ಲೆ. ವಿಪತ್ತು ಗಡಿಯ ಆಚೆಗೇ ಉಳಿಯುವುದಿಲ್ಲ.

ಭೂಕಂಪದ ಮಟ್ಟಿಗೆ, 2002ರ ಮಾನಕದ ನಕ್ಷೆ ನಮ್ಮ ಪ್ರದೇಶವನ್ನು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿಟ್ಟಿತು. ಆದರೆ 1993ರಲ್ಲಿ ಕಿಲ್ಲಾರಿಯೂ ಅಂದಿನ ನಕ್ಷೆಯ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲೇ ಇತ್ತು! 2002ರಲ್ಲಿ ಆ ವಲಯವನ್ನೇ ತೆಗೆದು ಎರಡನೆಯದರಲ್ಲಿ ಸೇರಿಸಲಾಯಿತು. ಗುಂಡ್ಲುಪೇಟೆಯಿಂದ ನೇರ ದೂರದಲ್ಲಿ ನೂರು ಕಿಲೋಮೀಟರಿಗೂ ಕಡಿಮೆಯಿರುವ ಕೊಯಮತ್ತೂರಿನಲ್ಲಿ 1900ರ ಫೆಬ್ರವರಿ 8ರಂದು ಸುಮಾರು 6 ಪರಿಮಾಣದ ಭೂಕಂಪವಾಗಿ ದಕ್ಷಿಣ ಭಾರತದ ಬಹುಭಾಗ ಅಲುಗಿತ್ತು. ನಮ್ಮ ದಕ್ಷಿಣ ಗಡಿಯಾಚೆ ಮೋಯಾರ್–ಭವಾನಿ ನದಿಗಳ ಉದ್ದಕ್ಕೂ ಭೂಚಿಪ್ಪಿನ ಬಹು ಪ್ರಾಚೀನ ದುರ್ಬಲ ಪಟ್ಟಿಯೊಂದಿದೆ. ಇದರಿಂದ ಹೆದರಬೇಕಾಗಿಲ್ಲ. ಕಡಿಮೆ ಸಂಭವವೆಂದರೆ ಶೂನ್ಯ ಸಂಭವವಲ್ಲ ಎಂದಷ್ಟೇ ತಿಳಿಯಬೇಕು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನೊಂದು ಪ್ರಯೋಗವಾಗಿ ಮಾಡಿಸಬಹುದು. ಹಲಗೆಯ ಕೆಳಗೆ ನಾಲ್ಕು ಪೆನ್ಸಿಲ್‌ಗಳನ್ನಿಟ್ಟು, ಮೇಲೆ ಬೆಂಕಿಪೆಟ್ಟಿಗೆಗಳಿಂದ ಎರಡು ಕೋಣೆಗಳನ್ನು ಕಟ್ಟಿಸಿ. ಒಂದರ ಸುತ್ತ ಮೇಲ್ಭಾಗದಲ್ಲಿ ಕಾಗದದ ಪಟ್ಟಿ ಅಂಟಿಸಿ. ಎರಡರ ಮೇಲೂ ಸಮ ತೂಕದ ಪುಸ್ತಕವಿಟ್ಟು ಹಲಗೆಯನ್ನು ಅಲುಗಿಸಿ. ಯಾವುದು ಮೊದಲು ಬೀಳುತ್ತದೆ? ನಂತರ ಮಕ್ಕಳು ತಮ್ಮ ಬೀದಿಯ ಹತ್ತು ಮನೆಗಳನ್ನು ನೋಡಿ, ಗೋಡೆ ಯಾವುದರದ್ದು, ಮಾಡು ಯಾವುದರದ್ದು, ಪಟ್ಟಿ ಇದೆಯೇ ಎಂದು ಬರೆದು ತರಲಿ.

ಇನ್ನೊಮ್ಮೆ ನಿಮ್ಮ ಶಾಲೆ ನೆರವು ಕೂಡಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿ: ಹಣ ಯಾವ ಖಾತೆಗೆ ಹೋಗುತ್ತದೆ, ರಸೀದಿ ಬರುತ್ತದೆಯೇ? ಆರು ತಿಂಗಳ ನಂತರದ ಕೆಲಸಕ್ಕೆ ಅದರಲ್ಲಿ ಪಾಲಿದೆಯೇ? ಕಟ್ಟುವ ಮನೆಗಳಿಗೆ ಪಟ್ಟಿ ಹಾಕುತ್ತಾರೆಯೇ? ಉತ್ತರ ಸಮಾಧಾನಕರವಾಗಿದ್ದರೆ ಧಾರಾಳವಾಗಿ ಕೊಡಿ. ಕೂಡಿಸಿದ ಹಣದ ಅರ್ಧವನ್ನು ಆರು ತಿಂಗಳ ನಂತರ ಕಳುಹಿಸುವ ಏರ್ಪಾಡು ಮಾಡಿದರೆ ಇನ್ನೂ ಒಳ್ಳೆಯದು.