ಸೀತಾಳೆ ಹೂವಿನ ತುಟಿ

ಮಲೆನಾಡಿನಿಂದ ಬಂದು ಪರನಗರಗಳಲ್ಲಿ ನೆಲಸಿದ ವಾಚಕರಿಗೆ ಸೀತಾಳೆ ದಂಡೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲದ ಮೊದಲಲ್ಲಿ ಮರದ ಕೊಂಬೆಯಿಂದ ಜೋಲುವ ಆ ಹೂಗೊಂಚಲು ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಅದರ ಒಂದು ಹೂವನ್ನು ಬಿಡಿಸಿ ನೋಡಿದರೆ ಹೊರಸುತ್ತಿನಲ್ಲಿ ಮೂರು ಪುಷ್ಪಪತ್ರಗಳೂ ಒಳಸುತ್ತಿನಲ್ಲಿ ಮೂರು ದಳಗಳೂ ಕಾಣುತ್ತವೆ. ಒಳಗಿನ ಮೂರರಲ್ಲಿ ಒಂದು ಮಾತ್ರ ತನ್ನ ಜೊತೆಯವನ್ನು ಹೋಲುವುದಿಲ್ಲ. ಅದೇ ತುಟಿ. ಕೀಟವನ್ನು ಸೆಳೆಯುವುದೂ ಅದಕ್ಕೆ ಕೂರಲು ಎಡೆಗೊಡುವುದೂ ಈ ತುಟಿಯ ಕೆಲಸ.

ಇದು ಬಂದುದೆಲ್ಲಿಂದ? ಒಂದು ದಳ ಮತ್ತು ಎರಡು ಕೇಸರಗಳು ಬೆಸೆದು ತುಟಿಯಾಗಿದೆಯೆಂದು ಡಾರ್ವಿನ್ 1862ರಲ್ಲಿ ಊಹಿಸಿದನು. ಸಸ್ಯಶಾಸ್ತ್ರಜ್ಞರು ಆ ಮೇಲೆ ಹೂವಿನೊಳಗಿನ ನಾಳಗಳ ಜಾಡು ಹಿಡಿದು ಇಂಥ ಪ್ರಶ್ನೆಗಳನ್ನು ವಿಚಾರಿಸಿದರು. ಆರ್ಕಿಡ್ ಹೂಗಳ ನಾಳರಚನೆಯನ್ನು ಕುರಿತು 1948ರಲ್ಲಿ ಪ್ರಬಂಧ ಪ್ರಕಟಿಸಿದವರು ನಮ್ಮ ಬಿ.ಜಿ.ಎಲ್. ಸ್ವಾಮಿಯವರೇ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಅವರನ್ನು ನಾವು ‘ಹಸುರು ಹೊನ್ನು’ವಿನ ಕರ್ತೃವೆಂದಷ್ಟೇ ನೆನೆಯುವುದು ಅವರಿಗೆ ಅರ್ಧ ನ್ಯಾಯ ಮಾಡಿದಂತೆ.

ಈಗ ಅದೇ ಪ್ರಶ್ನೆಗೆ ಜೀನುಗಳ ಕಡೆಯಿಂದ ಉತ್ತರ ದೊರೆಯುತ್ತಿದೆ. ಹೂವಿನ ಅಂಗಗಳನ್ನು ನಿರ್ಧರಿಸುವ ಪ್ರಧಾನ ಮನೆತನಕ್ಕೆ ‘ಮ್ಯಾಡ್ಸ್’ ಎಂದು ಹೆಸರು. ಮೊದಲು ತಿಳಿದುಬಂದ ನಾಲ್ಕು ಜೀನುಗಳ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಪದವಿದು. ಅವುಗಳಲ್ಲಿ ಒಂದು ಯೀಸ್ಟಿನದು, ಎರಡು ಹೂಗಿಡಗಳವು, ಇನ್ನೊಂದು ಮನುಷ್ಯನದು! ಈ ಜೀನುಗಳಿಂದ ಹುಟ್ಟುವ ಪ್ರೋಟೀನುಗಳು ಒಂಟಿಯಾಗಿ ದುಡಿಯುವುದು ವಿರಳ. ಗುಂಪುಗೂಡಿ ಇತರ ಜೀನುಗಳ ಮೇಲೆ ಕುಳಿತು ಅವನ್ನು ಎಚ್ಚರಿಸುತ್ತವೆ, ಇಲ್ಲವೆ ಅಡಗಿಸುತ್ತವೆ. ಆರ್ಕಿಡ್‌ಗಳಲ್ಲಿ ದಳ-ಕೇಸರಗಳಿಗೆ ಸಂಬಂಧಿಸಿದ ಒಂದು ಜೀನು ಪೂರ್ವಕಾಲದಲ್ಲಿ ಇಮ್ಮಡಿಸಿ, ಮತ್ತೆ ಇಮ್ಮಡಿಸಿ, ನಾಲ್ಕು ಕವಲುಗಳಾಯಿತು. ಪ್ರತಿಗಳು ಹೆಚ್ಚಿದುದರಿಂದ ಕೆಲಸವನ್ನು ಹಂಚಿಕೊಳ್ಳಲು ಅವಕಾಶವಾಯಿತು. ಒಂದು ಬಗೆಯ ಗುಂಪು ಸಾಧಾರಣ ದಳವನ್ನೂ ಇನ್ನೊಂದು ಬಗೆಯ ಗುಂಪು ತುಟಿಯನ್ನೂ ರೂಪಿಸುತ್ತದೆಂದು ತೈವಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ತುಟಿಯ ಗುಂಪನ್ನು ಅಡಗಿಸಿದಾಗ ತುಟಿ ದಳದಂತಾಯಿತು, ಕೇಸರವಾಗಲಿಲ್ಲ. ಡಾರ್ವಿನ್ನನ ಊಹೆ ಇಲ್ಲಿ ನಿಲ್ಲುವುದು ಕಷ್ಟ.

ಹೂ ಬಿಡುವ ಕಾಲವನ್ನು ಗೊತ್ತುಮಾಡುವ ಮನೆತನ ಬೇರೆ. ಅದರಲ್ಲಿ ದಾಯಾದಿಗಳೆನ್ನಬಹುದಾದ ಎರಡು ಪಂಗಡಗಳಿವೆ: ಒಂದು ಎಲೆಯಲ್ಲಿ ಹುಟ್ಟಿ ಕುಡಿಗೆ ಸಾಗಿ ‘ಇನ್ನು ಹೂ ಬಿಡು’ ಎನ್ನುತ್ತದೆ, ಇನ್ನೊಂದು ‘ಬೆಳೆಯುತ್ತಲೇ ಇರು’ ಎಂದು ತಡೆಯುತ್ತದೆ. ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವ ಫಲೆನಾಪ್ಸಿಸ್ ಗಿಡವನ್ನು ಕೆಲವು ವಾರ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿಟ್ಟರೆ ಹೂದಂಟು ಮೂಡುತ್ತದೆ. ಸದಾ 28 ಡಿಗ್ರಿಗೂ ಮೀರಿದ ಶಾಖದಲ್ಲಿದ್ದರೆ ಎಲೆಯ ಮೇಲೆ ಎಲೆಯೇ. ಮುಂಬಯಿಯ ಬಾಲ್ಕನಿಯಲ್ಲಿ ಇಂಥ ಗಿಡವನ್ನಿಟ್ಟು ನಿರಾಶರಾದವರಿಗೆ ಕಾರಣ ಇದೇ ಇರಬಹುದು.

ಈ ತಿಳಿವಳಿಕೆ ಬೆಳೆಗಾರನ ಬದುಕಿಗೂ ತಗಲುತ್ತದೆ. ಅಂಗಾಂಶ ಕೃಷಿಯಿಂದ ಒಂದೇ ತಾಯಿಗಿಡದ ಸಾವಿರಾರು ಸಸಿಗಳನ್ನು ಪಡೆಯುತ್ತಾರೆ. ಅವುಗಳಲ್ಲಿ ಕೆಲವು ವಿಕಾರದ ಹೂ ಬಿಡುವುದುಂಟು: ಪಕ್ಕದ ಎರಡು ದಳಗಳೂ ತುಟಿಯ ರೂಪ ತಾಳುತ್ತವೆ. ತುಟಿಯಲ್ಲಿ ಮಾತ್ರ ದುಡಿಯಬೇಕಾದ ಜೀನು ಅಂಥ ದಳಗಳಲ್ಲಿಯೂ ಎಚ್ಚೆತ್ತಿರುವುದು ಕಂಡುಬಂದಿದೆ. ಆದರೆ ಸಸಿಯ ಎಲೆಯನ್ನು ನೋಡಿ ಇದನ್ನು ಹೇಳಲಾಗದು. ಎರಡು ಮೂರು ವರ್ಷ ನೀರು, ಗೊಬ್ಬರ, ನೆರಳುಗಳನ್ನು ಕೊಟ್ಟು ಸಾಕಿದ ಮೇಲೆ, ಮೊದಲ ಮೊಗ್ಗು ಬಿರಿದ ದಿನವೇ ಬೆಳೆಗಾರನಿಗೆ ತನ್ನ ನಷ್ಟ ತಿಳಿಯುವುದು.