ನಾಜಲ್ ಸುತ್ತಲಿನ ಸ್ಟ್ರೆಸ್: ಸಾಫ್ಟ್‌ವೇರ್‌ಗೆ ಕೊಡುವ ಲೋಡ್ ಎಲ್ಲಿಂದ ಬರುತ್ತದೆ?

ಮೊದಲೇ ಒಂದು ಮಾತು. ಕನ್ನಡದಲ್ಲಿ ಪ್ರೆಶರ್‌ಗೂ ‘ಒತ್ತಡ’ ಅಂತೀವಿ, ಸ್ಟ್ರೆಸ್‌ಗೂ ‘ಒತ್ತಡ’ ಅಂತೀವಿ. ಇಲ್ಲಿ ಒತ್ತಡ ಅಂದರೆ ಪ್ರೆಶರ್ ಮಾತ್ರ; ಸ್ಟ್ರೆಸ್ ಅನ್ನು ಸ್ಟ್ರೆಸ್ ಎಂದೇ ಕರೆಯುತ್ತೇನೆ.

ತಿರುಪ್ಪೂರಿನ ಡೈಯಿಂಗ್ ಘಟಕಗಳಲ್ಲಿರುವ ಸಾಫ್ಟ್‌ಫ್ಲೋ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕಲು 60–80 ಡಿಗ್ರಿ ಸಾಕು. ಪಾಲಿಯೆಸ್ಟರ್‌ಗೆ 130ರ ಆಸುಪಾಸು ಬೇಕು. 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಕುದಿಯದಂತೆ ಹಿಡಿದಿಡಲು ಸುಮಾರು 2.1 ಬಾರ್ ಗೇಜ್ ಒತ್ತಡ ಬೇಕು. ದೊಡ್ಡ ಒತ್ತಡವೇನಲ್ಲ, ಆದ್ದರಿಂದ ಶೆಲ್ ತೆಳ್ಳಗಿರುತ್ತದೆ. ಪಂಪಿನ ಸಕ್ಷನ್, ಡಿಸ್ಚಾರ್ಜ್, ಡ್ರೈನ್ ಎಲ್ಲಕ್ಕೂ ಆ ತೆಳು ಶೆಲ್‌ನಲ್ಲೇ ತೂತು. ತೂತಿನಿಂದ ಹೋದ ಲೋಹವನ್ನು ಸುತ್ತ ಪ್ಯಾಡ್ ಹಾಕಿ ತುಂಬಿಕೊಡುವ ಲೆಕ್ಕ ಕೋಡ್‌ನಲ್ಲಿದೆ. ಅದು ಒತ್ತಡದ ಲೆಕ್ಕ. ಪೈಪ್ ಬಂದು ತಳ್ಳಿದರೆ ಏನಾಗ್ತದೆ ಅನ್ನೋದನ್ನ ಅದು ಹೇಳುವುದಿಲ್ಲ.

ಪೈಪ್ ತಳ್ಳುತ್ತದೆ. 3 ಮೀಟರ್ ಸ್ಟೇನ್‌ಲೆಸ್ ಪೈಪ್ 30 ಡಿಗ್ರಿಯಿಂದ 135ಕ್ಕೆ ಬಿಸಿಯಾದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ನೇರ ಪೈಪಿನ ಎರಡೂ ತುದಿ ಗಟ್ಟಿಯಾಗಿ ಹಿಡಿದರೆ ಲೆಕ್ಕದ ಸ್ಟ್ರೆಸ್ 330 ಮೆಗಾಪ್ಯಾಸ್ಕಲ್ ಹತ್ತಿರ. 316 ಉಕ್ಕಿನ ಕನಿಷ್ಠ ಯೀಲ್ಡ್ 205! ನಿಜದಲ್ಲಿ ಶೆಲ್ ಸ್ವಲ್ಪ ಒಳಗೆ ಬಗ್ಗಿ ಜಾಗ ಕೊಡುತ್ತದೆ. ಆ ಬಗ್ಗುವಿಕೆಯೇ ಲೋಕಲ್ ಸ್ಟ್ರೆಸ್‌ನ ಮೂಲ.

ಇದನ್ನು ಲೆಕ್ಕ ಹಾಕುವ ಬಹುತೇಕ ಸಾಫ್ಟ್‌ವೇರ್‌ಗಳ ಒಳಗಿರುವುದು ಹಳೆಯ ವಿದ್ಯೆ: ಬಿಯ್ಲಾರ್ಡ್ ಅವರ ಶೆಲ್ ಸಿದ್ಧಾಂತ, ಅದನ್ನು ಕರ್ವ್‌ಗಳಾಗಿಸಿದ 1965ರ ಡಬ್ಲ್ಯೂಆರ್‌ಸಿ 107 ಬುಲೆಟಿನ್. 2010ರ 537ರಲ್ಲಿ ಆ ಕರ್ವ್‌ಗಳಿಗೆ ಸಮೀಕರಣ ಬಂತು. ನಾಜಲ್ ಸುತ್ತ ನಾಲ್ಕು ಜಾಗ, ಒಳಮೈ ಹೊರಮೈ ಸೇರಿ ಎಂಟು ಬಿಂದು, ಪ್ರತಿಯೊಂದಕ್ಕೂ ಉತ್ತರ. ಆದರೆ 107 ನಾಜಲನ್ನು ಗಟ್ಟಿ ಗುಂಡಿನಂತೆ ಕಾಣುತ್ತದೆ. ನಾಜಲ್‌ನ ಸ್ವಂತ ಗೋಡೆಯ ಸ್ಟ್ರೆಸ್ ಅದಕ್ಕೆ ಕಾಣದು. 1984ರ 297 ಅದನ್ನೂ ಕೊಡುತ್ತದೆ. ಇವುಗಳ ಮಿತಿ ಮೀರಿದ ದೊಡ್ಡ ನಾಜಲ್‌ಗೆ ನಾಜಲ್‌ಪ್ರೋ ಥರದ ಫೈನೈಟ್ ಎಲಿಮೆಂಟ್ ತಂತ್ರಾಂಶವೇ ಬೇಕು.

ನನ್ನ ವಾದ ಇರುವುದು ಇದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಸೀಸರ್‌–2ರಲ್ಲಿ ಪೈಪಿಂಗ್ ಮಾಡೆಲ್ ಮಾಡುವಾಗ ನಾವು ನಾಜಲನ್ನು ಸುಮ್ಮನೆ ಆಂಕರ್ ಅಂತ ಹಾಕಿಬಿಡ್ತೀವಿ, ಗೋಡೆಗೆ ಕಟ್ಟಿದ ಹಾಗೆ. ಲೋಡ್ ಉಬ್ಬಿ ಬರುತ್ತದೆ, ವರದಿ ಫೇಲ್ ಅನ್ನುತ್ತದೆ, ಪ್ಯಾಡ್ ದಪ್ಪ ಮಾಡ್ತೀವಿ. ಪ್ಯಾಡ್ ದಪ್ಪವಾದಷ್ಟೂ ಶೆಲ್ ಬಗ್ಗುವುದು ಕಡಿಮೆ, ಬಿಸಿ ಪೈಪಿನ ನಿಜವಾದ ಲೋಡ್ ಇನ್ನೂ ಹೆಚ್ಚು! ಮೊದಲು ನಾಜಲ್‌ನ ಬಗ್ಗುವಿಕೆಯನ್ನು ಮಾಡೆಲ್‌ಗೆ ಕೊಟ್ಟು ಮತ್ತೆ ಓಡಿಸಬೇಕು. ಹಾಗೆ ಮಾಡಿದಾಗ ಲೋಡ್ ಪಂಪಿನ ಫ್ಲಾಂಜ್ ಕಡೆ ಸರಿಯಬಹುದು, ಅದನ್ನೂ ನೋಡಬೇಕು.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ದಿನಕ್ಕೆ ಮೂರು ಬ್ಯಾಚ್ ಅಂದುಕೊಳ್ಳಿ. ವರ್ಷಕ್ಕೆ ಸಾವಿರ ಸಲ ಆ ವೆಲ್ಡ್ ಬಿಸಿಯಾಗಿ ತಣ್ಣಗಾಗುತ್ತದೆ. ಒಂದೇ ಸಲದ ಸ್ಟ್ರೆಸ್ ಮಿತಿಯೊಳಗಿದ್ದರೂ ವೆಲ್ಡ್ ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಬಹುದು. 135 ಡಿಗ್ರಿಯ ಬಣ್ಣದ ನೀರು ಹೊರಬಂದ ಕ್ಷಣವೇ ಭಾಗಶಃ ಹಬೆಯಾಗುತ್ತದೆ, ಮತ್ತು ಯಂತ್ರದ ಪಕ್ಕದಲ್ಲಿ ಸ್ಯಾಂಪಲ್ ತೆಗೆಯಲು ನಿಂತವರು ಇರುತ್ತಾರೆ.

ಕೊಯಮತ್ತೂರು ಪಕ್ಕದ ಇರುಗೂರಿನಲ್ಲಿರುವಂಥ ತೈಲ ಡಿಪೋಗಳ ಟ್ಯಾಂಕ್ ಕಥೆ ಬೇರೆ. ಅಲ್ಲಿ ಬಿಸಿ ಮುಖ್ಯವಲ್ಲ. ತೈಲ ತುಂಬಿದಾಗ ಶೆಲ್ ಉಬ್ಬುತ್ತದೆ, ತಳದ ತಟ್ಟೆ ಬಿಡುವುದಿಲ್ಲ. ನಡುವೆ ಸಿಕ್ಕ ನಾಜಲ್ ಹೊರಗೆ ಸರಿದು ಕೆಳಗೆ ಬಾಗುತ್ತದೆ. 36 ಮೀಟರ್‌ಗಿಂತ ಹೆಚ್ಚು ವ್ಯಾಸದ ಟ್ಯಾಂಕ್‌ಗಳಿಗೆ ಎಪಿಐ 650ರ ಅನೆಕ್ಸ್ ಪಿ ಇದನ್ನೇ ಲೆಕ್ಕ ಹಾಕುತ್ತದೆ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಲೈಸೆನ್ಸ್ ಇಲ್ಲದಿದ್ದರೆ ಏನು ಮಾಡೋದು? 537ರ ಸಮೀಕರಣಗಳನ್ನು ಎಕ್ಸೆಲ್‌ಗೆ ಹಾಕಬಹುದು, ಒಂದು ವಾರದ ಕೆಲಸ. ಲೋಡ್ ಎಲ್ಲಿಂದ ಬಂತು ಅನ್ನೋದನ್ನ ಮೊದಲ ಸಾಲಿನಲ್ಲೇ ಬರೆದಿಡಿ, ತಿದ್ದೋರಿಗೆ ಅದೇ ಮೊದಲು ಬೇಕಾಗೋದು.